ಎಡಗಡೆಯ ಕೊನೆಯ ಕುರ್ಚಿ

ಇತಿಹಾಸ ವಿಭಾಗಕ್ಕೆ ಬೆಳಗಿನ ಕಾಫಿ ಎರಡು ಫ್ಲಾಸ್ಕಿನಲ್ಲಿ ಬರುತ್ತಿತ್ತು. ಒಂದು, ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಸೋಮಲಿಂಗಪ್ಪನವರ ಕೋಣೆಗೆ. ಇನ್ನೊಂದು, ಕಾರಿಡಾರಿನ ಆ ತುದಿಯಲ್ಲಿ ಕೂರುತ್ತಿದ್ದ ರೀಡರ್ ಕೃಷ್ಣಯ್ಯನವರ ಕೋಣೆಗೆ. ಎರಡೂ ಒಂದೇ ಕ್ಯಾಂಟೀನಿನದು, ಒಂದೇ ಪಾತ್ರೆಯಲ್ಲಿ ಕುದಿದದ್ದು. ಆದರೂ ಹನ್ನೊಂದು ಗಂಟೆಗೆ ಯಾವ ಅಧ್ಯಾಪಕ ಯಾವ ಕೋಣೆಯಲ್ಲಿ ಲೋಟ ಹಿಡಿದಿದ್ದಾನೆ ಎನ್ನುವುದರ ಮೇಲೆ ಅವನಿಗೆ ಯಾವ ಪೇಪರು ಪಾಠಕ್ಕೆ ಸಿಗುತ್ತದೆ, ಅವನ ಕೈಕೆಳಗಿನ ಹುಡುಗನಿಗೆ ವೈವಾದಲ್ಲಿ ಎಂಥ ಪ್ರಶ್ನೆ ಬೀಳುತ್ತದೆ, ಬೇರೆ ಊರಿಗೆ ಪರೀಕ್ಷಕನಾಗಿ ಯಾರು ಹೋಗುತ್ತಾರೆ ಎಂಬುದೆಲ್ಲ ನಿಂತಿತ್ತು. ಎಂ.ಎ.ಗೆ ಸೇರಿದ ಹೊಸದರಲ್ಲಿ ಯಾರೋ ಇದನ್ನು ಹೇಳಿದಾಗ ಚಿಕ್ಕಣ್ಣ ನಕ್ಕಿದ್ದ. ಎರಡನೆಯ ವರ್ಷ ಮುಗಿಯುವ ಹೊತ್ತಿಗೆ ಆ ನಗು ನಿಂತಿತ್ತು.

ಎರಡರಲ್ಲಿ ಯಾವ ಕೋಣೆಯಲ್ಲೂ ಕಾಫಿ ಕುಡಿಯದವರು ಒಬ್ಬರೇ, ಟೆಂಪರರಿ ಲೆಕ್ಚರರ್ ಅನಂತಲಕ್ಷ್ಮಿ. "ನನಗೆ ಕಾಫಿ ಆಗಲ್ಲ, ಪಿತ್ತ" ಎಂದು ಬಂದ ಮೊದಲ ದಿನವೇ ಹೇಳಿಬಿಟ್ಟಿದ್ದರಂತೆ. ಹನ್ನೊಂದು ಗಂಟೆಗೆ ಅವರು ಲೈಬ್ರರಿಯಲ್ಲಿರುತ್ತಿದ್ದರು. ಒಂದು ಸಲ ಚಿಕ್ಕಣ್ಣ ರಾಜಾಜಿನಗರಕ್ಕೆ ಹೋಗಿದ್ದಾಗ ಬಸ್ ಸ್ಟಾಪಿನ ಎದುರಿನ ಹೋಟೆಲಿನಲ್ಲಿ ಫ್ಯಾಮಿಲಿ ರೂಮಿನ ಪರದೆ ಸರಿದಿತ್ತು. ಒಳಗೆ ಅನಂತಲಕ್ಷ್ಮಿ ಒಬ್ಬರೇ ಕೂತು, ಹಬೆಯಾಡುವ ಕಾಫಿಯನ್ನು ಕಣ್ಣು ಮುಚ್ಚಿಕೊಂಡು ಕುಡಿಯುತ್ತಿದ್ದರು. ಅವನು ಯಾರಿಗೂ ಹೇಳಲಿಲ್ಲ. ಆದರೆ ಆ ದಿನದಿಂದ ಅವರ ಮೇಲಿನ ಗೌರವ ಹೆಚ್ಚಾಯಿತು. ಈ ಜಾಗದಲ್ಲಿ ಯಾರ ಕೈಗೂ ಸಿಗದೆ ಬದುಕಬೇಕಾದರೆ ಏನೇನು ಬಿಡಬೇಕಾಗುತ್ತದೆ ಎಂದು ಗೊತ್ತಿದ್ದವರು ಅವರು.

ಕ್ಯಾಂಪಸ್ಸು ಹೊಸದು. ಊರಿನಿಂದ ಹೊರಗೆ, ಬಂಡೆ ಮತ್ತು ಲಾಂಟಾನ ಪೊದೆಗಳ ನಡುವೆ ಕಲ್ಲಿನ ಕಟ್ಟಡಗಳನ್ನು ಎಬ್ಬಿಸಿ ವಿದ್ಯೆ ಎಂದು ಹೆಸರಿಟ್ಟಿದ್ದರು. ಸಿಟಿಯ ಹುಡುಗರಿಗೆ ಬಸ್ಸಿನದೇ ಗೋಳು. ಚಿಕ್ಕಣ್ಣನಿಗೆ ಮಾತ್ರ ಅದು ಮನೆಯ ಹಿತ್ತಲಿನ ಹಾಗೆ. ಶ್ರೀಗಂಧದ ಕಾವಲು ಎಂಬ ಹಳ್ಳಿಯ ಅವನ ಮನೆಯಿಂದ ಗಾಡಿಜಾಡಿನಲ್ಲಿ ಸೈಕಲ್ ತುಳಿದರೆ ಬೆವರು ಹೊರಡುವ ಮೊದಲೇ ತರಗತಿ. ಅವನ ಅಪ್ಪ ಹುಡುಗನಾಗಿದ್ದಾಗ ದನ ಬಿಡುತ್ತಿದ್ದ ದಿಣ್ಣೆಯ ಮೇಲೆ ಈಗ ಅರ್ಥಶಾಸ್ತ್ರ ವಿಭಾಗ ನಿಂತಿತ್ತು.

ಹೋದ ವರ್ಷ ಬಸ್ಸಿಗಾಗಿ ಒಂದು ಮುಷ್ಕರ ಆಗಿತ್ತು. ಮೈಸೂರು ರಸ್ತೆಯಲ್ಲಿ ಕೂತರು, ಕೂಗಿದರು, ಎರಡು ಬಸ್ಸು ಹೆಚ್ಚಿಗೆ ಬಂದವು. ಆಮೇಲೆ ಎಮರ್ಜೆನ್ಸಿ ಬಂತು, ಆ ಎರಡು ಬಸ್ಸು ನಿಂತವು, ಕೂಗುವವರೂ ನಿಂತರು. ಮುಷ್ಕರದಲ್ಲಿ ಗಂಟಲು ಹರಿದುಕೊಂಡಿದ್ದ ಹಾಸ್ಟೆಲಿನ ನಾಯಕ ಈಗ ಗಡ್ಡ ಬೋಳಿಸಿಕೊಂಡು ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದ. ಅವನಿಗೆ ಬೆಂಬಲ ಸೂಚಿಸಿ ಸಹಿ ಹಾಕಿದ್ದ ಅಧ್ಯಾಪಕರು, ಆ ಸಹಿ ತಮ್ಮದಲ್ಲ ಎನ್ನುವಂತೆ ನಡೆಯುತ್ತಿದ್ದರು. ಚುನಾವಣೆ ಇಲ್ಲದ್ದರಿಂದ ತರಗತಿಯ ಪ್ರತಿನಿಧಿಯನ್ನು ಮುಖ್ಯಸ್ಥರೇ ಹೆಸರಿಸಿದರು. ಸೋಮಲಿಂಗಪ್ಪನವರು ತರಗತಿಯನ್ನೊಮ್ಮೆ ನೋಡಿ, "ಆ ಮಾತಾಡ್ದೇ ಇರೋ ಹುಡುಗ" ಎಂದು ಚಿಕ್ಕಣ್ಣನತ್ತ ಬೆರಳು ಮಾಡಿದ್ದರು.

ಮಾತಾಡದ ಹುಡುಗನಿಗೆ ಒಂದು ಆಸೆಯಿತ್ತು. ಬೆಂಗಳೂರಿನ ಪಶ್ಚಿಮಕ್ಕೆ ಇದ್ದ, ದನ ಮೇಯುವ ಕಾವಲುಗಳ ಮೇಲೆ ಸಂಶೋಧನೆ ಮಾಡಬೇಕು. ಹುಲ್ಲುಗಾವಲು ಯಾರದಾಗಿತ್ತು, ಯಾರ ದನ ಮೇಯ್ದವು, ಯಾವಾಗ ಯಾರ ಕೈಯಿಂದ ಯಾರ ಕೈಗೆ ಹೋಯಿತು. ದನ ಕಾಯಲು ಹೋಗಿ ಸತ್ತವರ ವೀರಗಲ್ಲುಗಳು ಅವನ ಊರಿನ ಸುತ್ತ ಬಿದ್ದಿದ್ದವು. ಒಂದರ ಮೇಲೆ ಅವನ ದೊಡ್ಡಮ್ಮ ಬಟ್ಟೆ ಒಗೆಯುತ್ತಿದ್ದಳು. ಇದನ್ನು ಹೇಳಿದಾಗ ನಗದೆ ಕೇಳಿದವರು ಅನಂತಲಕ್ಷ್ಮಿ ಒಬ್ಬರೇ. ಒಂದು ಭಾನುವಾರ ಛತ್ರಿ ಹಿಡಿದುಕೊಂಡು ಬಂದು ಆ ಕಲ್ಲನ್ನು ನೋಡಿ, ದೊಡ್ಡಮ್ಮನ ಹತ್ತಿರ ಸೋಪಿನ ನೊರೆ ತೊಳೆಸಿ, ಅಕ್ಷರ ಓದಿದ್ದರು.

"ಇದು ಒಳ್ಳೇ ವಿಷಯ ಚಿಕ್ಕಣ್ಣ. ಆದ್ರೆ ಟೆಂಪರರಿ ಆದೋರು ಗೈಡ್ ಆಗೋ ಹಾಗಿಲ್ಲ. ನಂಗೆ ಪರ್ಮನೆಂಟ್ ಆದ್ರೆ ಮೊದಲನೇ ವಿದ್ಯಾರ್ಥಿ ನೀವೇ" ಎಂದಿದ್ದರು.

ಅವರಿಗೆ ಪ್ರತಿ ಜುಲೈಯಲ್ಲಿ ನೇಮಕದ ಆರ್ಡರು ಬರುತ್ತಿತ್ತು, ಪ್ರತಿ ಮಾರ್ಚಿನಲ್ಲಿ ಬಿಡುಗಡೆಯ ಆರ್ಡರು. ಹೀಗೆ ನಾಲ್ಕು ವರ್ಷ. ಈ ವರ್ಷ ಆ ಹುದ್ದೆಯನ್ನು ಖಾಯಂ ಮಾಡಿ ಜಾಹೀರಾತು ಕೊಟ್ಟಿದ್ದರು. ಸೋಮವಾರ ಸಂದರ್ಶನ. ಸಮಿತಿಯಲ್ಲಿ ಸೋಮಲಿಂಗಪ್ಪನವರ ಮಾತೇ ನಡೆಯುವುದು. ಅವರು ಹೋದ ವಾರ ವಿಭಾಗದ ಪುಸ್ತಕದ ಬೀರುವಿನ ಬೀಗದ ಕೈಯನ್ನು ಅನಂತಲಕ್ಷ್ಮಿಯವರ ಕೈಗೆ ಕೊಟ್ಟು, "ಇನ್ನು ಇದು ನಿಮ್ಮ ಹತ್ರಾನೇ ಇರ್ಲಿ" ಅಂದಿದ್ದರು. ಇಡೀ ವಿಭಾಗಕ್ಕೆ ಅದರ ಅರ್ಥ ತಿಳಿಯಿತು. ಚಿಕ್ಕಣ್ಣನಿಗೂ ತಿಳಿಯಿತು. ಹಾಗೆ ತಿಳಿದದ್ದೇ ಅವನ ತಲೆ ಕೆಡಿಸಿತು.

ಸಂದರ್ಶನಕ್ಕೆ ಮುಂಚಿನ ಶನಿವಾರ ಎರಡನೇ ವರ್ಷದವರಿಗೆ ಬೀಳ್ಕೊಡುಗೆ. ಬೂಂದಿ, ಖಾರಾಬೂಂದಿ, ಒಂದು ಭಾಷಣ, ಆಮೇಲೆ ಗುಂಪಿನ ಫೋಟೋ. ಫೋಟೋಕ್ಕೆ ಒಂದು ಕಟ್ಟಳೆಯಿತ್ತು. ಖಾಯಂ ಆದವರಿಗೆ ಕುರ್ಚಿ. ಟೆಂಪರರಿಗಳು ಅದರ ಹಿಂದೆ ವಿದ್ಯಾರ್ಥಿಗಳ ಸಾಲಿನ ತುದಿಯಲ್ಲಿ ನಿಲ್ಲಬೇಕು. ಹಿಂದಿನ ವರ್ಷಗಳ ಫೋಟೋಗಳು ಮುಖ್ಯಸ್ಥರ ಕೋಣೆಯ ಗೋಡೆಯ ಮೇಲಿದ್ದವು. ಎಲ್ಲದರಲ್ಲೂ ಅನಂತಲಕ್ಷ್ಮಿ ನಿಂತೇ ಇದ್ದರು, ಪ್ರತಿ ವರ್ಷ ಹೊಸ ಹುಡುಗಿಯರ ಪಕ್ಕದಲ್ಲಿ, ಪ್ರತಿ ವರ್ಷ ಸ್ವಲ್ಪ ಹೆಚ್ಚು ದಣಿದು.

ಕುರ್ಚಿ ಜೋಡಿಸುವುದು ಪ್ರತಿನಿಧಿಯ ಕೆಲಸ. ಚಿಕ್ಕಣ್ಣ ಸೆಮಿನಾರ್ ಹಾಲಿನಿಂದ ಕುರ್ಚಿಗಳನ್ನು ಹೊತ್ತು ತಂದು ಕಟ್ಟಡದ ಮುಂದೆ ಸಾಲು ಮಾಡಿದ. ನಡುವೆ ಮುಖ್ಯಸ್ಥರಿಗೆ ಕೈ ಇರುವ ಕುರ್ಚಿ. ಸಾಲು ಮುಗಿದ ಮೇಲೆ ಒಳಗೆ ಹೋಗಿ ಇನ್ನೊಂದು ಕುರ್ಚಿ ತಂದ.

"ಇದ್ಯಾರಿಗೋ? ನಿಂಗಾ?" ಎಂದ ಸಹಪಾಠಿ ನಾಣಿ. ರಾಜಾಜಿನಗರದವನು, ಯಾವುದನ್ನೂ ನಂಬದವನು. ಹಾಗಾಗಿ ಸುಖವಾಗಿದ್ದ.

"ಮೇಡಂಗೆ."

"ಮೇಡಂ ನಿಲ್ಲೋರು ಕಣೋ."

"ಸೋಮವಾರ ಪರ್ಮನೆಂಟ್ ಆಗುತ್ತೆ. ಫೋಟೋ ಗೋಡೆ ಮೇಲೆ ಎಷ್ಟು ವರ್ಷ ಇರುತ್ತೆ ಹೇಳು. ಅದ್ರಲ್ಲೂ ನಿಂತಿದ್ರೆ ಚೆನ್ನಾಗಿರುತ್ತಾ?"

"ಹೆಡ್ಡನ್ನ ಕೇಳಿದ್ಯಾ?"

"ಅವ್ರೇ ಬೀಗದ ಕೈ ಕೊಟ್ಟಿದಾರಲ್ಲ."

"ಬೀಗದ ಕೈ ಕೊಟ್ಟಿದಾರೆ ಗುರು, ಕುರ್ಚಿ ಕೊಟ್ಟಿಲ್ಲ" ಎಂದು ನಾಣಿ ಖಾರಾಬೂಂದಿ ಬಾಯಿಗೆ ಹಾಕಿಕೊಂಡು ಹೋದ.

ಕುರ್ಚಿಯನ್ನು ಬಲಗಡೆಯ ತುದಿಗೆ ಹಾಕಲು ಜಾಗವಿರಲಿಲ್ಲ. ಅಲ್ಲಿ ವನಮಹೋತ್ಸವದಲ್ಲಿ ಯಾರೋ ಮಂತ್ರಿಗಳು ನೆಟ್ಟ ಗಿಡದ ಸುತ್ತ ಕಟ್ಟಿದ ಇಟ್ಟಿಗೆಯ ಕಟ್ಟೆಯಿತ್ತು. ಗಿಡ ಸತ್ತು ವರ್ಷವಾಗಿತ್ತು. ಕಟ್ಟೆ ಒಡೆಯಲು ಯಾರಿಗೂ ಅಧಿಕಾರವಿರಲಿಲ್ಲ. ಆದ್ದರಿಂದ ಚಿಕ್ಕಣ್ಣ ಕುರ್ಚಿಯನ್ನು ಎಡಗಡೆಯ ಕೊನೆಗೆ ಇಟ್ಟ. ಯಾವ ಕಾಫಿ ಯಾವ ಕೋಣೆಯದು ಎಂದು ಎರಡು ವರ್ಷ ನೋಡಿದ್ದವನಿಗೆ, ಬಯಲಿನಲ್ಲಿ ಹಾಕಿದ ಕುರ್ಚಿಗೂ ಕೋಣೆ ಇರುತ್ತದೆ ಎಂದು ಆ ಹೊತ್ತಿಗೆ ಹೊಳೆಯಲಿಲ್ಲ.

ಅಧ್ಯಾಪಕರು ಬಂದರು. ಸೋಮಲಿಂಗಪ್ಪನವರು ನಡುವೆ ಕೂತರು. ಅವರ ಕೋಣೆಯಲ್ಲಿ ಕಾಫಿ ಕುಡಿಯುವವರು ಯಾರೂ ಹೇಳದೆಯೇ ಬಲಗಡೆ ಕೂತರು. ಕೃಷ್ಣಯ್ಯನವರ ಕೋಣೆಯವರು ಎಡಗಡೆ. ಕೃಷ್ಣಯ್ಯನವರು ಎಡದ ಸಾಲಿನ ತುದಿಗೆ ಬಂದು, ತಮ್ಮ ಆಚೆ ಇನ್ನೂ ಒಂದು ಕುರ್ಚಿ ಖಾಲಿ ಇರುವುದನ್ನು ಕಂಡು ಹುಬ್ಬೇರಿಸಿದರು. ಆಗ ಚಿಕ್ಕಣ್ಣ ಹುಡುಗಿಯರ ಸಾಲಿನ ತುದಿಯಲ್ಲಿ ನಿಂತಿದ್ದ ಅನಂತಲಕ್ಷ್ಮಿಯವರ ಹತ್ತಿರ ಹೋಗಿ, "ಮೇಡಂ, ನೀವು ಅಲ್ಲಿ ಕೂತ್ಕೋಬೇಕು" ಎಂದ.

ಅವರು ಆ ಕುರ್ಚಿ ನೋಡಿದರು, ಅದರ ಪಕ್ಕದಲ್ಲಿದ್ದವರನ್ನು ನೋಡಿದರು. ಮುಖದ ಬಣ್ಣ ಹೋಯಿತು.

"ಬೇಡ. ತೆಗೀರಿ ಅದನ್ನ" ಎಂದರು ಮೆಲ್ಲಗೆ. "ಬೇಗ ತೆಗೀರಿ ಚಿಕ್ಕಣ್ಣ."

ಅಷ್ಟರಲ್ಲಿ ಕೃಷ್ಣಯ್ಯನವರಿಗೆ ವಿಷಯ ತಿಳಿದುಹೋಯಿತು. ಅವರಿಗೆ ಇಂಥ ಅವಕಾಶ ಬಹಳ ದಿನದಿಂದ ಸಿಕ್ಕಿರಲಿಲ್ಲ. ಕುರ್ಚಿಯ ಮೇಲೆ ಕೈಯಿಟ್ಟು, ಎಲ್ಲರಿಗೂ ಕೇಳುವ ಹಾಗೆ, "ಬಾಮ್ಮ ಅನಂತಲಕ್ಷ್ಮಿ, ನಮ್ಮ ಪಕ್ಕ ಕೂತ್ಕೋ. ಎಷ್ಟು ವರ್ಷ ನಿಲ್ಲಿಸ್ತಾರೆ ನಿನ್ನ?" ಎಂದರು.

ಫೋಟೋದವನು ಕಪ್ಪು ಬಟ್ಟೆಯಿಂದ ತಲೆ ಹೊರಗೆ ಹಾಕಿ, "ಮೇಡಂ, ಬೇಗ ಕೂತ್ಕೊಳಿ, ಬಿಸಿಲು ಹೋಗ್ತಾ ಇದೆ" ಎಂದು ಕೂಗಿದ.

ಹೋಗಿ ಕೂತರೆ ಒಂದು ಅರ್ಥ. ಕೂರಲಾರೆ ಎಂದರೆ ರೀಡರನ್ನು ಎಲ್ಲರೆದುರು ತಿರಸ್ಕರಿಸಿದ ಇನ್ನೊಂದು ಅರ್ಥ. ನಾಲ್ಕು ವರ್ಷ ಕಾಫಿಯನ್ನೇ ಬಿಟ್ಟು ತಪ್ಪಿಸಿಕೊಂಡಿದ್ದವರು ಬಯಲಿನಲ್ಲಿ ಸಿಕ್ಕಿಬಿದ್ದರು. ಹೋಗಿ ಕುರ್ಚಿಯ ತುದಿಯಲ್ಲಿ ಕೂತರು.

ಸೋಮಲಿಂಗಪ್ಪನವರು ಕತ್ತು ಬಗ್ಗಿಸಿ ಸಾಲಿನ ಆ ಕೊನೆಯನ್ನು ನೋಡಿದರು. ನಕ್ಕರು.

"ಓಹೋ! ಕುರ್ಚಿ ಆಗ್ಲೇ ಬಂದ್ಬಿಟ್ಟಿದೆ. ಮತ್ತೆ ನಾವ್ಯಾಕೆ ಸೋಮವಾರ ಕೂರ್ಬೇಕಪ್ಪ?"

ಬಲಗಡೆಯವರು ನಕ್ಕರು. ಎಡಗಡೆಯವರು ಅದಕ್ಕಿಂತ ಜೋರಾಗಿ ನಕ್ಕರು. ಫೋಟೋದವನು "ರೆಡಿ" ಎಂದ.

ಭಾನುವಾರ ಚಿಕ್ಕಣ್ಣ ಸೈಕಲ್ ತುಳಿದುಕೊಂಡು ವಿಜಯನಗರಕ್ಕೆ ಹೋದ. ರಾತ್ರಿಯಿಡೀ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದ. ನಿಜ ಹೇಳಿಬಿಡುವುದು. ಕುರ್ಚಿ ಹಾಕಿದ್ದು ತಾನು, ಕೃಷ್ಣಯ್ಯನವರಲ್ಲ. ಎಡಕ್ಕೆ ಹಾಕಿದ್ದು ಗಿಡದ ಕಟ್ಟೆಯಿಂದಾಗಿ. ಇದು ಕೇಳಿದರೆ ಯಾರಿಗಾದರೂ ಅರ್ಥವಾಗುವ ಮಾತು ಎಂದುಕೊಂಡಿದ್ದ.

ಸೋಮಲಿಂಗಪ್ಪನವರು ಬನಿಯನ್ನಿನಲ್ಲಿ ನಿಂತು, ಹೊಸದಾಗಿ ಕಟ್ಟಿಸುತ್ತಿದ್ದ ಕಾಂಪೌಂಡಿಗೆ ನೀರು ಹಾಕುತ್ತಿದ್ದರು.

"ಯಾರು, ಚಿಕ್ಕಣ್ಣಾನಾ? ಬಾ, ಬಾ. ಏನು ಇಷ್ಟು ದೂರ?"

"ಸಾರ್, ನಿನ್ನೆ ಆ ಕುರ್ಚಿ ಹಾಕಿದ್ದು ನಾನು ಸಾರ್. ಕೃಷ್ಣಯ್ಯ ಸಾರ್‌ಗೆ ಗೊತ್ತೇ ಇರ್ಲಿಲ್ಲ. ಮೇಡಂಗೂ ಗೊತ್ತಿರ್ಲಿಲ್ಲ."

"ನಾನು ಕೇಳಿದ್ನೇನಯ್ಯ?"

"ಇಲ್ಲ ಸಾರ್."

"ಕೇಳದೇ ಇರೋ ಪ್ರಶ್ನೆಗೆ ಉತ್ತರ ಹೇಳೋಕೆ ಕಾವಲಿಂದ ಇಲ್ಲೀಗಂಟ ಬಂದ್ಯಾ? ಕಳಿಸಿದ್ಯಾರು? ಆಕೇನೋ, ಕೃಷ್ಣಯ್ಯನೋ?"

"ಯಾರೂ ಕಳಿಸ್ಲಿಲ್ಲ ಸಾರ್. ನಾನೇ ಬಂದೆ."

"ಯಾರೂ ಕಳಿಸ್ದೆ ಯಾರೂ ಯಾರ ಮನೇಗೂ ಬರಲ್ಲ ಕಣಯ್ಯ. ನನ್ನ ಸರ್ವೀಸಲ್ಲಿ ನಾನಂತೂ ಕಂಡಿಲ್ಲ."

"ಆ ಕಡೆ ಗಿಡದ ಕಟ್ಟೆ ಇತ್ತು ಸಾರ್. ಜಾಗ ಇರ್ಲಿಲ್ಲ. ಅದ್ಕೇ ಎಡಗಡೆ..."

"ಗಿಡದ ಕಟ್ಟೆ!" ಸೋಮಲಿಂಗಪ್ಪನವರಿಗೆ ನಿಜವಾಗಿಯೂ ನಗು ಬಂತು. "ಚೆನ್ನಾಗಿ ಹೇಳಿಕೊಟ್ಟಿದಾರೆ. ಅದು ನಂಗೆ ಹೊಳೀತಾ ಇರ್ಲಿಲ್ಲ ನೋಡು."

ನಿಜವನ್ನು ಹೇಳಿದಷ್ಟೂ ಅದು ಬೇರೆಯವರು ಬರೆದುಕೊಟ್ಟ ಪಾಠದಂತೆ ಕೇಳಿಸತೊಡಗಿತು. ಸೋಮಲಿಂಗಪ್ಪನವರು ಪೈಪನ್ನು ಮರಳಿನ ಮೇಲೆ ಹಾಕಿ, ಕೈ ಒರೆಸಿಕೊಂಡರು. ಅವರಿಗೆ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಚಿಕ್ಕಣ್ಣನಿಗೆ ಏನಾದರೂ ಆಸೆ ಉಳಿಯುತ್ತಿತ್ತು.

"ಶುಕ್ರವಾರದ ತನಕ ಆಕೆಗೇ ಕೊಡೋಣ ಅಂತಿದ್ದೆ. ಯಾಕೆ ಗೊತ್ತಾ? ಪಾಠ ಚೆನ್ನಾಗಿ ಮಾಡ್ತಾಳೆ ಅಂತಲ್ಲ, ಪಾಠ ಎಲ್ರೂ ಮಾಡ್ತಾರೆ. ಆಕೆ ಯಾರ ಪೈಕೀನೂ ಅಲ್ಲ ಅಂತ. ಈಗ ನೋಡಿದ್ರೆ ಆ ಪೈಕಿ. ಇರ್ಲಿ ಬಿಡು. ಲೇ, ಇವಳೇ, ಕಾಫಿ ತಾ, ನಮ್ಮ ಹುಡುಗ ಬಂದಿದಾನೆ."

ಅವರ ಹೆಂಡತಿ ಸ್ಟೀಲ್ ಲೋಟದಲ್ಲಿ ಕಾಫಿ ತಂದುಕೊಟ್ಟರು. ಹಿರಿಯರ ಮನೆಯಲ್ಲಿ ಕೊಟ್ಟದ್ದನ್ನು ಬೇಡ ಎನ್ನುವುದು ಚಿಕ್ಕಣ್ಣನಿಗೆ ಗೊತ್ತಿರಲಿಲ್ಲ. ಎರಡನೇ ಗುಟುಕು ನುಂಗುವಾಗ ತಾನೇನು ಮಾಡುತ್ತಿದ್ದೇನೆ ಎಂದು ತಿಳಿಯಿತು. ಆದರೆ ಅರ್ಧ ಕುಡಿದ ಲೋಟವನ್ನು ಕೆಳಗಿಡುವುದು ಹೇಗೆ? ಪೂರ್ತಿ ಕುಡಿದ.

"ಮುಂದೇನು ನಿಂದು?" ಎಂದು ಸೋಮಲಿಂಗಪ್ಪನವರು ಕೇಳಿದರು. "ರಿಸರ್ಚ್ ಅಂತಿದ್ಯಂತೆ."

"ಕಾವಲುಗಳ ಬಗ್ಗೆ ಸಾರ್."

"ದನ ಮೇಯೋ ಜಾಗಕ್ಕೆ ಏನಯ್ಯ ಇತಿಹಾಸ? ಬ್ರಿಟಿಷ್ ಕಮಿಷನರ್ ಕಾಲದ ಕಂದಾಯ ಆಡಳಿತ ತಗೋ. ಫೈಲೆಲ್ಲ ಇಂಗ್ಲಿಷಲ್ಲಿದೆ, ಎಲ್ಲ ಒಂದೇ ಕಡೆ ಸಿಗುತ್ತೆ. ಜುಲೈನಲ್ಲಿ ಬಾ, ನಾನೇ ನೋಡ್ಕೊಳ್ತೀನಿ. ನಿಜ ಹೇಳ್ಬೇಕು ಅಂದ್ರೆ ನೀನು ಇವತ್ತು ಬಂದಿದ್ದು ಒಳ್ಳೇದಾಯ್ತು. ಆಚೇ ಕಡೆ ಏನು ನಡೀತಿದೆ ಅಂತ ಗೊತ್ತಾಯ್ತಲ್ಲ."

ಸೋಮವಾರ ಬೆಳಿಗ್ಗೆ ಅವನು ಕ್ಯಾಂಪಸ್ಸಿನ ಬಸ್ ಸ್ಟಾಪಿನಲ್ಲಿ ಕಾದು ನಿಂತ. ಅನಂತಲಕ್ಷ್ಮಿ ಗಂಜಿ ಹಾಕಿದ ನೀಲಿ ಸೀರೆಯುಟ್ಟು ಇಳಿದರು. ಎರಡು ಬಸ್ ಬದಲಾಯಿಸಿ ಬರುವಷ್ಟರಲ್ಲಿ ಸೀರೆ ಮುದುಡಿತ್ತು.

"ಮೇಡಂ, ನಾನು ನಿನ್ನೆ ಹೆಡ್ ಮನೆಗೆ ಹೋಗಿದ್ದೆ. ಕುರ್ಚಿ ನಾನೇ ಹಾಕಿದ್ದು ಅಂತ ಹೇಳ್ದೆ."

ಅವರು ನಡೆಯುವುದನ್ನು ನಿಲ್ಲಿಸಿದರು. "ನೀವು ಹೋಗಿದ್ರಾ?"

"ಹೂಂ ಮೇಡಂ."

"ಕಾಫಿ ಕೊಟ್ರಾ?"

"ಕೊಟ್ರು."

"ಕುಡಿದ್ರಾ?"

"ಕುಡಿದೆ ಮೇಡಂ."

"ಸರಿ" ಎಂದರು ಅನಂತಲಕ್ಷ್ಮಿ. ಸೀರೆಯ ನೆರಿಗೆಯನ್ನು ಕೈಯಿಂದ ಒಂದು ಸಲ ತೀಡಿ, ಆಡಳಿತ ಕಚೇರಿಯ ಕಡೆಗೆ ನಡೆದರು. ಗೊತ್ತಿದ್ದೂ ಹೋದರು. ಚಿಕ್ಕಣ್ಣನಿಗೆ ಅದು ಆಗ ಧೈರ್ಯವೆನ್ನಿಸಿತು. ಆಮೇಲೆ ಯೋಚಿಸಿದಾಗ, ಮನೆಗೆ ಹೋಗುವ ಬಸ್ಸು ಮಧ್ಯಾಹ್ನದವರೆಗೂ ಇರಲಿಲ್ಲ ಎಂಬುದೂ ನೆನಪಾಯಿತು.

ಸಮಿತಿ ಅವರನ್ನು ಒಂದೇ ಪ್ರಶ್ನೆ ಕೇಳಿತಂತೆ. ರಾಜಾಜಿನಗರದಿಂದ ಇಲ್ಲಿಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ? ಅವರು ಉತ್ತರ ಹೇಳಿದರಂತೆ. ಬಹಳ ದೂರವಾಯಿತಲ್ಲ, ಹೆಂಗಸರಿಗೆ ಕಷ್ಟ, ಎಂದು ಸಮಿತಿ ಕನಿಕರಪಟ್ಟಿತಂತೆ. ಹುದ್ದೆ ಸೋಮಲಿಂಗಪ್ಪನವರ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಹೋಯಿತು. ಸಂಜೆಯೇ ಅನಂತಲಕ್ಷ್ಮಿ ಬೀರುವಿನ ಬೀಗದ ಕೈಯನ್ನು ಜವಾನನ ಕೈಯಲ್ಲಿ ಕೊಟ್ಟು ಹೊರಟುಹೋಗಿದ್ದರು.

"ತಲೆ ಕೆಡಿಸ್ಕೋಬೇಡ ಮಗಾ" ಎಂದ ನಾಣಿ. "ಮೊದಲೇ ಅವನಿಗೆ ಅಂತ ಆಗಿರುತ್ತೆ. ನಿನ್ನ ಕುರ್ಚಿಗೆ ಅಷ್ಟೊಂದು ಶಕ್ತಿ ಎಲ್ಲಿಂದ ಬರ್ಬೇಕು?"

"ಶುಕ್ರವಾರದ ತನಕ ಅವ್ರಿಗೇ ಅಂತಿದ್ದೆ ಅಂತ ಹೆಡ್ಡೇ ಹೇಳಿದ್ರು."

"ಹಂಗಾದ್ರೆ ಶಕ್ತಿ ಇದೆ ಬಿಡು" ಎಂದು ನಾಣಿ ಬೀಡಿ ಹಚ್ಚಿದ. ಸಮಾಧಾನ ಹೇಳುವುದು ಅವನಿಗೆ ಅಷ್ಟೇ ಬರುತ್ತಿತ್ತು.

ಪರೀಕ್ಷೆ ಮುಗಿದ ಮೇಲೆ ಚಿಕ್ಕಣ್ಣ ಅನಂತಲಕ್ಷ್ಮಿಯವರಿಂದ ತಂದಿದ್ದ ಶಾಸನಗಳ ಪುಸ್ತಕ ಹಿಂದಿರುಗಿಸಲು ಅವರ ಮನೆಗೆ ಹೋದ. ಬಾಡಿಗೆಯ ಮನೆ, ಒಳಗೆ ಯಾರೋ ಕೆಮ್ಮುತ್ತಿದ್ದರು. ಅನಂತಲಕ್ಷ್ಮಿ ಎರಡು ಲೋಟ ಕಾಫಿ ತಂದು, ಒಂದನ್ನು ತಾವೇ ತೆಗೆದುಕೊಂಡರು.

"ಪಿತ್ತ ಅಂತಿದ್ರಿ" ಎಂದ ಚಿಕ್ಕಣ್ಣ.

"ಈಗ ವಾಸಿಯಾಗಿದೆ."

ಬಸವೇಶ್ವರನಗರದ ಕಡೆ ಒಂದು ಟ್ಯುಟೋರಿಯಲ್ಲಿನಲ್ಲಿ ಎಸ್.ಎಸ್.ಎಲ್.ಸಿ. ಫೇಲಾದವರಿಗೆ ಸಮಾಜ ಪಾಠ ಹೇಳುತ್ತಿದ್ದರು. ಒಂದೇ ಬಸ್ಸು, ನಿಂತು ಹೋಗುವಷ್ಟೇನೂ ರಷ್ ಇರಲ್ಲ, ಎಂದರು. ಅವನು ಕ್ಷಮೆ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಬಾಯಿ ತೆರೆದಾಗ ಅವರೇ ಮೊದಲು ಕೇಳಿದರು.

"ಜುಲೈನಲ್ಲಿ ಸೇರ್ತೀರಾ?"

"ಹೂಂ. ಸೋಮಲಿಂಗಪ್ಪ ಸಾರ್ ಹತ್ರ."

"ಏನು ವಿಷಯ?"

"ಕಂದಾಯ ಆಡಳಿತ."

"ಒಳ್ಳೇದು. ಫೈಲೆಲ್ಲ ಒಂದೇ ಕಡೆ ಸಿಗುತ್ತೆ" ಎಂದರು. ಅದರಲ್ಲಿ ಚುಚ್ಚುಮಾತಿತ್ತೇ ಎಂದು ಚಿಕ್ಕಣ್ಣ ಅವರ ಮುಖ ನೋಡಿದ. ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ಕ್ಷಮೆ ಕೇಳದೆ, ತಂದಿದ್ದ ಪುಸ್ತಕವನ್ನು ಅವರ ಕೈಗೆ ಕೊಟ್ಟ. ಅವರು ಶಾಸನದ ಪುಸ್ತಕವನ್ನು ಬೀರುವಿನಲ್ಲಿಡದೆ, ಅಲ್ಲೇ ಕಿಟಕಿಯ ಮೇಲೆ, ಹಳೆಯ ಪೇಪರುಗಳ ಜೊತೆಗೆ ಇಟ್ಟರು.

ಜುಲೈಯಲ್ಲಿ ಚಿಕ್ಕಣ್ಣ ಸೇರಿದ. ಸೇರದೆ ಏನು ಮಾಡಬಹುದಿತ್ತು ಎಂದು ಅವನು ಬೇಕಾದಷ್ಟು ಯೋಚಿಸಿದ್ದ. ಊರಿನಲ್ಲಿ ಅಣ್ಣಂದಿರು ಉಳುವಷ್ಟು ಮಾತ್ರ ಹೊಲ ಉಳಿದಿತ್ತು. ಬ್ಯಾಂಕ್ ಪರೀಕ್ಷೆಗೆ ಆ ಹಾಸ್ಟೆಲ್ ನಾಯಕನಂಥವರು ಸಾವಿರಾರು ಜನ ಕೂರುತ್ತಿದ್ದರು. ಮೇಡಂಗಾಗಿ ತಾನು ಬಿಟ್ಟುಕೊಟ್ಟರೆ ಅದರಿಂದ ಮೇಡಂಗೆ ಏನೂ ಸಿಗುವುದಿಲ್ಲ. ಈ ಲೆಕ್ಕವೆಲ್ಲ ಸರಿಯಾಗಿತ್ತು. ಹಾಸ್ಟೆಲಿನ ನಾಯಕನ ಲೆಕ್ಕವೂ, ಸಹಿ ಮರೆತ ಅಧ್ಯಾಪಕರ ಲೆಕ್ಕವೂ ಹೀಗೇ ಸರಿಯಾಗಿದ್ದಿರಬೇಕು ಎಂದು ಅವನಿಗೆ ಮೊದಲ ಸಲ ಅನ್ನಿಸಿತು.

ಮೊದಲ ದಿನ ಹನ್ನೊಂದು ಗಂಟೆಗೆ ಸೋಮಲಿಂಗಪ್ಪನವರು ಕರೆಸಿದರು. ಹೊಸ ಲೆಕ್ಚರರ್ ಆಗಲೇ ಲೋಟ ಹಿಡಿದು ಕೂತಿದ್ದ. ಗೋಡೆಯ ಮೇಲೆ ಈ ವರ್ಷದ ಫೋಟೋ ಬಂದಿತ್ತು. ಎಲ್ಲರೂ ನಗುತ್ತಿದ್ದರು. ಎಡಗಡೆಯ ಕೊನೆಯ ಕುರ್ಚಿಯಲ್ಲಿ ಅನಂತಲಕ್ಷ್ಮಿ ಬೆನ್ನು ಒರಗಿಸದೆ, ಕರೆದರೆ ಎದ್ದುಬಿಡುವವರಂತೆ ಕೂತಿದ್ದರು. ಕೆಳಗೆ, ಕೂತವರ ಹೆಸರುಗಳ ಸಾಲಿನಲ್ಲಿ ಅವರ ಹೆಸರಿರಲಿಲ್ಲ. ಖಾಯಂ ಆದವರ ಹೆಸರು ಮಾತ್ರ ಬರೆಸುವುದು ಪದ್ಧತಿ.

ಜವಾನ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಅವನ ಮುಂದಿಟ್ಟ.

"ನಂಗೆ ಕಾಫಿ ಆಗಲ್ಲ ಸಾರ್" ಎಂದ ಚಿಕ್ಕಣ್ಣ. "ಪಿತ್ತ."

ಸೋಮಲಿಂಗಪ್ಪನವರು ಕನ್ನಡಕದ ಮೇಲಿಂದ ಅವನನ್ನು ನೋಡಿದರು.

"ಯಾವಾಗಿಂದಯ್ಯ? ಅವತ್ತು ನಮ್ಮನೇಲಿ ಕುಡಿದ್ಯಲ್ಲ."

ಹೊಸ ಲೆಕ್ಚರರ್ ನಕ್ಕ. ಚಿಕ್ಕಣ್ಣನೂ ಸ್ವಲ್ಪ ನಕ್ಕು, ಲೋಟ ಎತ್ತಿಕೊಂಡ.